ಕಾಲವನ್ನಷ್ಟೇ ಅಳೆಯುವ ಪೆಟ್ಟಿಗೆ

ಅಮೆರಿಕದ ಕ್ಯಾನ್ಸಸ್ ರಾಜ್ಯವನ್ನು ಸಾವಿರ ಮೀಟರ್ ಎತ್ತರದಿಂದ ನೋಡಿದರೆ ಶಾಲೆಯ ಚೌಕುಳಿ ಪುಸ್ತಕವನ್ನು ಬಿಚ್ಚಿ ಹಾಸಿದಂತೆ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಮೋಜಣಿದಾರರು ಆ ಬಯಲನ್ನು ಮೈಲಿಗೊಂದು ಗೆರೆ ಎಳೆದು ಚೌಕಗಳಾಗಿ ಕತ್ತರಿಸಿದರು. ಆ ಗೆರೆಗಳ ಮೇಲೆಯೇ ಮುಂದೆ ರಸ್ತೆಗಳು ಬಂದವು. ಕೆಲವು ಉತ್ತರ-ದಕ್ಷಿಣ, ಉಳಿದವು ಪೂರ್ವ-ಪಶ್ಚಿಮ. ಚಿಕ್ಕ ವಿಮಾನದ ಪೈಲಟ್ಟಿಗೆ ಅಲ್ಲಿ ದಿಕ್ಕು ಹಿಡಿಯಲು ದಿಕ್ಸೂಚಿಯೂ ಬೇಕಿಲ್ಲ, ಕೆಳಗಿನ ರಸ್ತೆಗೆ ಮೂತಿ ಹೊಂದಿಸಿಕೊಂಡರೆ ಸಾಕು. ಆದರೂ ಅಲ್ಲಿ ದಾರಿ ತಪ್ಪುವುದು ಸುಲಭ. ಒಂದು ಚೌಕ ಇನ್ನೊಂದರ ಹಾಗೆಯೇ ಇರುತ್ತದೆ: ಅದೇ ಗೋಧಿ ಹೊಲ, ಅದೇ ಧಾನ್ಯದ ಕಣಜ, ಅದೇ ನೀರಿನ ತೊಟ್ಟಿ. ಯಾವ ಕಡೆಗೆ ಹೋಗುತ್ತಿದ್ದೇನೆಂದು ಗೊತ್ತು, ಎಲ್ಲಿದ್ದೇನೆಂದು ಗೊತ್ತಿಲ್ಲ.

ನೆಲದ ಮೇಲೆ ನಡೆಯುವವರಿಗೆ ಈ ಎರಡು ಪ್ರಶ್ನೆಗಳ ನಡುವಿನ ಅಂತರ ಅಷ್ಟಾಗಿ ಕಾಣುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ನಡೆದರೆ ಉತ್ತರಕ್ಕೇ ತಲುಪುತ್ತೇವೆ. ಆಕಾಶದಲ್ಲಿ ಹಾಗಿಲ್ಲ. ವಿಮಾನ ಈಜುವುದು ಗಾಳಿಯಲ್ಲಿ, ಗಾಳಿ ತಾನೇ ಎಲ್ಲಿಗೋ ಹರಿಯುತ್ತಿರುತ್ತದೆ. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರು ದಡದ ಮರಕ್ಕೆ ನೇರವಾಗಿ ಹುಟ್ಟು ಹಾಕಿದರೂ ಹರಿಗೋಲು ಹೋಗಿ ಮುಟ್ಟುವುದು ಕೆಳಗಿನ ಬಂಡೆಯನ್ನು. 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ವೇಗದ ವಿಮಾನಕ್ಕೆ ಪಕ್ಕದಿಂದ 20 ನಾಟ್ ಗಾಳಿ ಬೀಸಿದರೆ, ಅದನ್ನು ಲೆಕ್ಕಕ್ಕೆ ಹಿಡಿಯದ ಪೈಲಟ್ ಒಂದು ಗಂಟೆಯ ಬಳಿಕ ತನ್ನ ದಾರಿಯಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ಆಚೆ ಇರುತ್ತಾನೆ. ಹುಡುಕುತ್ತಿದ್ದ ಊರು ಕಣ್ಣಿಗೇ ಬೀಳದಷ್ಟು ದೂರ ಅದು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಅಂಚೆಚೀಲ ಹೊತ್ತು ತಂದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಆ ಅಂಚೆ ಬೊಂಬಾಯಿಯಿಂದ ಮುಂದೆ ಹೋದದ್ದು ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅವರ ಕೈಯಲ್ಲಿ, ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ. ದಾರಿ ತೋರುವ ರೇಡಿಯೊ ವಿಮಾನದಲ್ಲೂ ಇಲ್ಲ, ನೆಲದಲ್ಲೂ ಇಲ್ಲ. ಪೈಲಟ್ಟಿಗೆ ಇದ್ದದ್ದು ನಕ್ಷೆ, ದಿಕ್ಸೂಚಿ, ಕೈಗಡಿಯಾರ ಮತ್ತು ಕಣ್ಣು. ಇಷ್ಟು ಹೊತ್ತು, ಇಷ್ಟು ವೇಗ, ಈ ದಿಕ್ಕು, ಇಂಥ ಗಾಳಿ. ಆದ್ದರಿಂದ ನಾನು ಇಲ್ಲಿರಬೇಕು ಎಂಬ ಲೆಕ್ಕ. ಆಮೇಲೆ ಕಿಟಕಿಯಿಂದ ಇಣುಕಿ, ಆ ಲೆಕ್ಕವನ್ನು ನದಿಯೋ ಬೆಟ್ಟವೋ ರೈಲುಹಳಿಯೋ ಒಪ್ಪುತ್ತದೆಯೇ ಎಂದು ನೋಡುವುದು. ಮುಂದಿನ ಅರವತ್ತು ವರ್ಷಗಳಲ್ಲಿ ರೇಡಿಯೊ ಗೋಪುರಗಳು ಬಂದವು, ದೊಡ್ಡ ವಿಮಾನಗಳಿಗೆ ಬೇಕಾದ ಉಪಕರಣಗಳೆಲ್ಲ ಬಂದವು. ನಾಲ್ಕು ಸೀಟಿನ ಸಣ್ಣ ವಿಮಾನದ ಪೈಲಟ್ ಮಾತ್ರ ಬಹುಮಟ್ಟಿಗೆ ವಿನ್ಸೆಂಟ್ ಮಾಡಿದ್ದನ್ನೇ ಮಾಡುತ್ತಿದ್ದ. ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್.

ಆ ಪೆನ್ಸಿಲನ್ನು ಬದಿಗಿಡಿಸಿದ ಪೆಟ್ಟಿಗೆ ಬಂದದ್ದು ಅದೇ ಕ್ಯಾನ್ಸಸ್ಸಿನಿಂದ. ಸೆಸ್ನಾ ವಿಮಾನಗಳು ತಯಾರಾಗುವ ವಿಚಿಟಾ ನಗರ ಈ ರಾಜ್ಯದ್ದು. ವಿಮಾನಗಳ ರೇಡಿಯೊ ತಯಾರಿಸುತ್ತಿದ್ದ ಒಲೇತಾ ಊರೂ ಈ ರಾಜ್ಯದ್ದೇ. ಇಂಥ ರೇಡಿಯೊಗಳ ಕೆಲಸದಲ್ಲಿ ನುರಿತ ಗ್ಯಾರಿ ಬರೆಲ್ ಮತ್ತು ತೈವಾನ್ ಮೂಲದ ಮಿನ್ ಕಾವ್ ಎಂಬ ಎಂಜಿನಿಯರುಗಳು 1989ರಲ್ಲಿ ಸ್ವಂತ ಕಂಪನಿ ತೆರೆದರು. ಇಬ್ಬರ ಹೆಸರನ್ನೂ ಕೂಡಿಸಿದರೆ ಗಾರ್ಮಿನ್. ಅವರ ಪೆಟ್ಟಿಗೆ, ಉಪಗ್ರಹಗಳನ್ನು ಕೇಳಿ ಜಾಗ ಹೇಳುವ ಪೋರ್ಟಬಲ್ ಜಿಪಿಎಸ್.

ಜಿಪಿಎಸ್ ನಾಗರಿಕರ ಕೈಗೆ ಬಂದ ಹಿನ್ನೆಲೆಯಲ್ಲೂ ಒಂದು ವಿಮಾನವಿದೆ, ದುಃಖದ ವಿಮಾನ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸಿನ 007 ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿತು. ಅದನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಅದೇ ತಿಂಗಳು ಅಮೆರಿಕದ ಸರ್ಕಾರ, ತನ್ನ ಸೇನೆ ಕಟ್ಟುತ್ತಿರುವ ಉಪಗ್ರಹ ವ್ಯವಸ್ಥೆ ಸಿದ್ಧವಾದಾಗ ಅದು ನಾಗರಿಕ ವಿಮಾನಗಳಿಗೂ ತೆರೆದಿರುತ್ತದೆಂದು ಘೋಷಿಸಿತು. ಆದರೆ ಸೇನೆ ನಾಗರಿಕ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪು ಬೆರೆಸುತ್ತಿತ್ತು. ಅದು ನಿಂತದ್ದು 2000ದ ಮೇ ತಿಂಗಳಲ್ಲಿ. ಊರಿನ ಬೀದಿಯಲ್ಲಿ ಕಾರು ಓಡಿಸುವವರಿಗೆ 100 ಮೀಟರ್ ಅಂದರೆ ಪಕ್ಕದ ಬೀದಿ. ಪೈಲಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ, ವಿಮಾನ ನಿಲ್ದಾಣ ಅದಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ತೊಂಬತ್ತರ ದಶಕದಲ್ಲೇ, ಕಾರುಗಳಿಗಿಂತ ಎಷ್ಟೋ ಮುಂಚೆ, ಸಣ್ಣ ವಿಮಾನದವರು ಈ ಪೆಟ್ಟಿಗೆಯನ್ನು ಮನಸಾರೆ ಅಪ್ಪಿಕೊಂಡರು.

ಪೋರ್ಟಬಲ್ ಎಂಬ ಮಾತಿಗೆ ಇಲ್ಲಿ ಚಿಕ್ಕದು, ಹಗುರ ಎಂಬುದಕ್ಕಿಂತ ಮುಖ್ಯವಾದ ಇನ್ನೊಂದು ಅರ್ಥವಿದೆ. ವಿಮಾನದ ಫಲಕಕ್ಕೆ ಒಂದು ತಿರುಪು ಹಾಕಿದರೂ ಅದಕ್ಕೆ ಪ್ರಮಾಣಪತ್ರ ಬೇಕು. ಆ ಉಪಕರಣವನ್ನು ಪರೀಕ್ಷಿಸಿ ಒಪ್ಪಿರಬೇಕು, ಅಧಿಕಾರ ಪಡೆದ ಮೆಕ್ಯಾನಿಕ್ ಕೂರಿಸಬೇಕು, ದಾಖಲೆಯಲ್ಲಿ ಬರೆಯಬೇಕು. ಇದಕ್ಕೆಲ್ಲ ತಗಲುವ ಹಣ ಕೆಲವೊಮ್ಮೆ ಹಳೆಯ ವಿಮಾನದ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ. ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸಿದ ಅಥವಾ ಚುಕ್ಕಾಣಿಗೆ ಕ್ಲಿಪ್ ಹಾಕಿದ ಪೆಟ್ಟಿಗೆ ವಿಮಾನದ ಭಾಗವೇ ಅಲ್ಲ, ಪೈಲಟ್ಟಿನ ಚೀಲದೊಳಗಿನ ಸಾಮಾನು. ಈ ಹಾರಾಟ ಮುಗಿದರೆ ಮನೆಗೆ ಒಯ್ಯಬಹುದು, ನಾಳೆ ಬಾಡಿಗೆಯ ಇನ್ನೊಂದು ವಿಮಾನಕ್ಕೆ ಅಂಟಿಸಬಹುದು. ಅದಕ್ಕೆ ಅದರದೇ ಬ್ಯಾಟರಿ ಇದೆ. ವಿಮಾನದ ವಿದ್ಯುತ್ ಕೈಕೊಟ್ಟು ಫಲಕದ ದೀಪಗಳೆಲ್ಲ ಆರಿಹೋದರೂ ಪೆಟ್ಟಿಗೆ ಬೆಳಗುತ್ತಿರುತ್ತದೆ. ಇದಕ್ಕೆ ಪ್ರತಿಯಾಗಿ ನಿಯಮ ಒಂದು ಮಿತಿಯನ್ನು ಹಾಕಿದೆ. ಅದನ್ನು ನೆರವಿಗೆ ನೋಡಬಹುದು, ಮೋಡದೊಳಗೆ ಅದೊಂದನ್ನೇ ನೆಚ್ಚಿ ಹಾರುವಂತಿಲ್ಲ. ಆ ಮಿತಿ ಏಕೆ ಬೇಕೆಂದು ತಿಳಿಯಲು ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆಂದು ನೋಡಬೇಕು.

ಅದರೊಳಗೆ ನಡೆಯುವುದು ಒಂದೇ ಒಂದು ಅಳತೆ: ಕಾಲದ್ದು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ ಸಿಡಿಲು ಎಷ್ಟು ದೂರ ಎಂದು ಹೇಳುವ ಆಟವನ್ನು ಮಳೆಗಾಲದಲ್ಲಿ ನಾವೆಲ್ಲ ಆಡಿದ್ದೇವೆ. ಜಿಪಿಎಸ್ ಮಾಡುವುದೂ ಅದನ್ನೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ, ತಾನು ಎಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂದು ಬಿಡದೆ ಹೇಳುತ್ತಿರುತ್ತದೆ. ಆ ಮಾತು ಇಲ್ಲಿಗೆ ತಲುಪಲು ಸೆಕೆಂಡಿನ ನೂರನೇ ಏಳು ಪಾಲಿನಷ್ಟು ಹೊತ್ತು ಬೇಕು. ಹೊರಟ ಗಳಿಗೆ, ತಲುಪಿದ ಗಳಿಗೆ ಎರಡೂ ಗೊತ್ತಾದರೆ ದೂರ ಗೊತ್ತಾಯಿತು. ಮೂರು ಉಪಗ್ರಹಗಳಿಂದ ದೂರ ತಿಳಿದರೆ ಜಾಗ ಗೊತ್ತಾಗಬೇಕು. ಆದರೆ ರೇಡಿಯೊ ಅಲೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ 300 ಮೀಟರ್ ಓಡುತ್ತದೆ. ಪೆಟ್ಟಿಗೆಯೊಳಗಿನ ಅಗ್ಗದ ಸ್ಫಟಿಕದ ಗಡಿಯಾರಕ್ಕೆ ಅಷ್ಟು ನಿಖರತೆ ಇಲ್ಲ. ಇಲ್ಲಿ ಮಾಡಿರುವ ಜಾಣತನ ನನಗೆ ಯಾವಾಗಲೂ ಸಂತೋಷ ಕೊಡುತ್ತದೆ: ನಾಲ್ಕನೆಯ ಉಪಗ್ರಹವನ್ನೂ ಕೇಳಿಸಿಕೊಂಡು, ನನ್ನ ಗಡಿಯಾರ ಎಷ್ಟು ತಪ್ಪಿದೆ ಎಂಬುದನ್ನೇ ನಾಲ್ಕನೆಯ ಅಜ್ಞಾತವಾಗಿ ಇಟ್ಟುಕೊಂಡು ಸಮೀಕರಣ ಬಿಡಿಸುವುದು. ನಾಲ್ಕು ಸಮೀಕರಣ, ನಾಲ್ಕು ಅಜ್ಞಾತ. ಎಂಟನೆಯ ತರಗತಿಯ ಬೀಜಗಣಿತದ ಅಣ್ಣ. ಹೀಗೆ ಅಗ್ಗದ ಗಡಿಯಾರವೇ ಪ್ರತಿ ಸೆಕೆಂಡಿಗೂ ಪರಮಾಣು ಗಡಿಯಾರದ ಮಟ್ಟಕ್ಕೆ ತಿದ್ದಿಕೊಳ್ಳುತ್ತಿರುತ್ತದೆ.

ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳಿಗೂ ತಿದ್ದುಪಡಿ ಬೇಕು. ಅಲ್ಲಿ ಗುರುತ್ವ ಕಡಿಮೆ, ಹಾಗಾಗಿ ಐನ್‌ಸ್ಟೈನ್ ಹೇಳಿದಂತೆ ಅವು ದಿನಕ್ಕೆ 45 ಮೈಕ್ರೊಸೆಕೆಂಡ್ ಬೇಗ ಓಡುತ್ತವೆ. ವೇಗವಾಗಿ ಸುತ್ತುವುದರಿಂದ 7 ಮೈಕ್ರೊಸೆಕೆಂಡ್ ನಿಧಾನಿಸುತ್ತವೆ. ಉಳಿಯುವ 38ನ್ನು ಹಾರಿಬಿಡುವ ಮೊದಲೇ ಗಡಿಯಾರದ ಬಡಿತದಲ್ಲಿ ತಗ್ಗಿಸಿಡಲಾಗಿದೆ. ತಗ್ಗಿಸದೆ ಬಿಟ್ಟಿದ್ದರೆ ಒಂದೇ ದಿನದಲ್ಲಿ ಲೆಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ಜಾರುತ್ತಿತ್ತು.

ಇಷ್ಟೆಲ್ಲ ನಿಂತಿರುವುದು ಎಂಥ ಪಿಸುಮಾತಿನ ಮೇಲೆ ಎಂಬುದನ್ನೂ ನೆನೆಯಬೇಕು. ಉಪಗ್ರಹದ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಅದರ ಬಲ ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಯಾರು ಬೇಕಾದರೂ ಅದನ್ನು ಮುಚ್ಚಿಹಾಕಬಹುದು. ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನ ನಿಲ್ದಾಣದ ಉಪಗ್ರಹ ಉಪಕರಣಗಳು ತಡವರಿಸಿದಾಗ ಹುಡುಕಿದರೆ ಸಿಕ್ಕಿದ್ದು ಒಂದು ಪಿಕಪ್ ಟ್ರಕ್. ತಾನು ಎಲ್ಲಿ ಓಡಾಡುತ್ತೇನೆಂದು ಮಾಲೀಕರಿಗೆ ತಿಳಿಯಬಾರದೆಂದು ಅದರ ಚಾಲಕ ಪುಟ್ಟ ಜ್ಯಾಮರ್ ಇಟ್ಟುಕೊಂಡಿದ್ದ. 2013ರಲ್ಲಿ ಆತನಿಗೆ ಸುಮಾರು 32,000 ಡಾಲರ್ ದಂಡ ಬಿತ್ತು. ಫಲಕದಲ್ಲಿ ಕೂರಿಸುವ, ಪ್ರಮಾಣಪತ್ರ ಪಡೆದ ಜಿಪಿಎಸ್ ಐದನೆಯ ಉಪಗ್ರಹವನ್ನೂ ಕೇಳಿ, ಉಳಿದ ನಾಲ್ವರಲ್ಲಿ ಯಾರಾದರೂ ತಪ್ಪು ಹೇಳುತ್ತಿದ್ದಾರೆಯೇ ಎಂದು ತಾಳೆ ನೋಡಿ, ಅನುಮಾನ ಬಂದರೆ ಪೈಲಟ್ಟಿಗೆ ತಿಳಿಸಲೇಬೇಕು. ಗಾಜಿಗೆ ಅಂಟಿಸಿದ ಪೆಟ್ಟಿಗೆಯಿಂದ ಅಂಥ ಖಾತರಿಯನ್ನು ಕಾನೂನು ಕೇಳಿಲ್ಲ.

ಪೆಟ್ಟಿಗೆಗೆ ಜಾಗ ಗೊತ್ತಾಯಿತು. ಸಂಕೇತದ ಸ್ವರ ಏರಿಳಿಯುವ ಡಾಪ್ಲರ್ ಪರಿಣಾಮದಿಂದ ನೆಲದ ಮೇಲಿನ ವೇಗವೂ ಸಾಗುವ ದಿಕ್ಕೂ ಗೊತ್ತಾದವು. ಹರಿಗೋಲಿನ ತೊಡಕು ಅಲ್ಲಿಗೆ ಬಿಡಿಸಿಕೊಂಡಿತು. ಗಾಳಿಯ ಲೆಕ್ಕವನ್ನು ಯಾರೂ ಹಾಕಬೇಕಿಲ್ಲ. ಪರದೆಯ ಮೇಲೆ ಊರಿನಿಂದ ಊರಿಗೆ ಒಂದು ನೇರಳೆಗೆಂಪು ಗೆರೆ, ಅದರ ಮೇಲೆ ಪುಟ್ಟ ವಿಮಾನದ ಚಿತ್ರ. ಚಿತ್ರ ಗೆರೆ ಬಿಟ್ಟು ಸರಿಯದಂತೆ ಮೂತಿಯನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಹಿಡಿದರೆ ಆಯಿತು.

ಆದರೆ ಮೂತಿ ಎತ್ತ ಇದೆ ಎಂಬುದು ಪೆಟ್ಟಿಗೆಗೆ ಗೊತ್ತೇ ಇಲ್ಲ. ವಿಮಾನ ಪಕ್ಕಕ್ಕೆ ವಾಲಿದೆಯೇ, ಮೂಗು ಮೇಲಿದೆಯೇ, ರೆಕ್ಕೆಯ ಮೇಲೆ ಗಾಳಿ ಎಷ್ಟು ವೇಗದಲ್ಲಿ ಹರಿಯುತ್ತಿದೆ, ಇದ್ಯಾವುದೂ ಅದಕ್ಕೆ ತಿಳಿಯದು. ಹಿಂದಿನಿಂದ 20 ನಾಟ್ ಗಾಳಿ ಬೀಸುತ್ತಿರುವಾಗ ಪರದೆ 70 ನಾಟ್ ತೋರಿಸಿದರೆ ರೆಕ್ಕೆಗೆ ಸಿಗುತ್ತಿರುವುದು 50 ಮಾತ್ರ, ಎಷ್ಟೋ ಸಣ್ಣ ವಿಮಾನಗಳು ಎತ್ತುವ ಬಲ ಕಳೆದುಕೊಂಡು ಕುಸಿಯುವ ವೇಗ ಅದು. 1999ರ ಜುಲೈ 16ರ ರಾತ್ರಿ, ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಅವರ ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಕಡಲಿಗೆ ಬಿದ್ದಾಗ ಅದರ ಫಲಕದಲ್ಲಿ ಒಳ್ಳೆಯ ಜಿಪಿಎಸ್ ಇತ್ತು. ಮಬ್ಬು ಕವಿದ ರಾತ್ರಿ, ಕೆಳಗೆ ಕಪ್ಪು ನೀರು, ಕ್ಷಿತಿಜ ಕಾಣದು. ಅಂಥಲ್ಲಿ ಕಿವಿಯೊಳಗಿನ ಸಮತೋಲದ ಅಂಗ ನಮಗೆ ಸುಳ್ಳು ಹೇಳುತ್ತದೆ. ನಿಧಾನವಾಗಿ ವಾಲಿಕೊಂಡು ತಿರುಗುತ್ತಿದ್ದರೂ ನೇರ ಇದ್ದೇನೆಂದೇ ಅನಿಸುತ್ತದೆ. ತನಿಖೆ ಕೊಟ್ಟ ಕಾರಣ ಆ ಭ್ರಮೆಯೇ. ಎಲ್ಲಿದ್ದೇನೆ ಎಂಬುದಕ್ಕೆ ಉತ್ತರ ಎದುರಿಗೇ ಇತ್ತು, ಹೇಗಿದ್ದೇನೆ ಎಂಬುದು ತಪ್ಪಿತ್ತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 196 ಎಂಬ ಮಾದರಿ ಈ ಮಿತಿಯನ್ನೇ ತಿರುವಿ ಹಾಕಿ ಒಂದು ಸೊಗಸಾದ ಕೆಲಸ ಮಾಡಿತು. ಅದರ ಪರದೆಯ ಒಂದು ಪುಟದಲ್ಲಿ ವಿಮಾನದ ಫಲಕದ ಹಾಗೆಯೇ ದುಂಡನೆಯ ಮಾಪಕಗಳು ಮೂಡುತ್ತಿದ್ದವು: ವೇಗ, ಎತ್ತರ, ಏರುವ ಇಳಿಯುವ ದರ, ತಿರುಗುವ ದರ. ಒಳಗೆ ವಾಲುವುದನ್ನು ಹಿಡಿಯುವ ಗೈರೋ ಇಲ್ಲ, ಗಾಳಿಯ ಒತ್ತಡ ಅಳೆಯುವ ಕೊಳವೆ ಇಲ್ಲ. ಸೆಕೆಂಡಿಗೊಮ್ಮೆ ಸಿಗುವ ಸ್ಥಾನದಿಂದಲೇ ಎಲ್ಲವನ್ನೂ ಹೊಸೆದು ಕೊಡುತ್ತಿತ್ತು. ಇದು ಸಾಧ್ಯವಾಗುವುದು ಸೈಕಲ್ ತುಳಿದವರಿಗೆಲ್ಲ ಗೊತ್ತಿರುವ ಒಂದು ಭೌತನಿಯಮದಿಂದ. ತಿರುವಿನಲ್ಲಿ ಬೀಳದೆ ಹೋಗಬೇಕಾದರೆ ವೇಗಕ್ಕೆ, ತಿರುವಿಗೆ ತಕ್ಕಷ್ಟೇ ವಾಲಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. 100 ನಾಟ್ ವೇಗದ ವಿಮಾನ ಸೆಕೆಂಡಿಗೆ 3 ಡಿಗ್ರಿ ತಿರುಗುತ್ತಿದೆ ಎಂದರೆ ಅದು ಸುಮಾರು 15 ಡಿಗ್ರಿ ವಾಲಿರಲೇಬೇಕು. ತಿರುಗುತ್ತಿಲ್ಲ ಎಂದರೆ ರೆಕ್ಕೆಗಳು ಸಮವಾಗಿರಬೇಕು. ಅಂದಮೇಲೆ ದಾರಿಯ ಗೆರೆ ಬಾಗುತ್ತಿದೆಯೇ ಎಂದು ನೋಡುತ್ತಿದ್ದರೆ, ನೋಡಲಾಗದ ರೆಕ್ಕೆಯ ಓಲಾಟವನ್ನೂ ಊಹಿಸಬಹುದು.

ಇದರ ಬೆಲೆ ಗೊತ್ತಾಗುವುದು ಕೆಟ್ಟ ದಿನದಲ್ಲಿ. ಹಳೆಯ ಸಣ್ಣ ವಿಮಾನಗಳಲ್ಲಿ ಕೃತಕ ಕ್ಷಿತಿಜ ತೋರುವ ಗೈರೋ ತಿರುಗುವುದು ಎಂಜಿನ್ನಿಗೆ ಜೋಡಿಸಿದ ಒಂದು ನಿರ್ವಾತ ಪಂಪಿನಿಂದ. ಮೋಡದೊಳಗೆ ಆ ಪಂಪ್ ಮುರಿದರೆ ಗೈರೋ ತಟ್ಟನೆ ನಿಲ್ಲುವುದಿಲ್ಲ, ಬುಗುರಿಯ ಹಾಗೆ ನಿಧಾನವಾಗಿ ಸೋತು ವಾಲುತ್ತದೆ. ಪೈಲಟ್ ಅದನ್ನು ನಂಬಿ ವಿಮಾನವನ್ನೂ ಅದರ ಜೊತೆ ವಾಲಿಸುತ್ತಾನೆ. ಆಗ ಚುಕ್ಕಾಣಿಯ ಮೇಲಿನ ಈ ಪುಟ್ಟ ಪರದೆ ಬೇರೊಂದು ಸಾಕ್ಷಿಯಾಗಿ ನಿಲ್ಲುತ್ತದೆ. ಸಾಕ್ಷಿಗೂ ದೋಷಗಳುಂಟು: ಅದು ನೋಡುವುದು ಕಳೆದ ಸೆಕೆಂಡನ್ನು, ಜೋರು ಗಾಳಿಯಲ್ಲಿ ನೆಲದ ಮೇಲಿನ ದಾರಿ ಬಾಗುವುದಕ್ಕೂ ಮೂತಿ ತಿರುಗುವುದಕ್ಕೂ ಹೊಂದಿಕೆ ತಪ್ಪುತ್ತದೆ, ವಿಮಾನ ಜಾರುತ್ತಿದ್ದರೆ ಊಹೆಯ ಬುಡವೇ ಅಲುಗುತ್ತದೆ. ಆದರೂ ಕಾಲವನ್ನು ಮಾತ್ರ ಅಳೆಯುವ ಒಂದು ವಸ್ತು, ಯಾವುದು ಮೇಲು ಯಾವುದು ಕೆಳಗು ಎಂಬುದರ ಸುಳಿವನ್ನೂ ಕೊಡಬಲ್ಲುದು. ಈ ಇಡೀ ಕತೆಯಲ್ಲಿ ನನಗೆ ತುಂಬ ಪ್ರಿಯವಾದದ್ದು ಇದೇ ತರ್ಕ.

ಎತ್ತರದ ವಿಷಯ ಇನ್ನೂ ಸೂಕ್ಷ್ಮ, ಇಲ್ಲಿ ನಮ್ಮ ನೆಲ ನಡುವೆ ಬರುತ್ತದೆ. ಜಿಪಿಎಸ್ ಎತ್ತರ ಹೇಳುವುದು ಗಣಿತದ ಒಂದು ನುಣುಪಾದ ಅಂಡಾಕಾರದ ಭೂಮಿಯಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಏರುಪೇರಿಗೆ ತಕ್ಕಂತೆ ಉಬ್ಬಿ ತಗ್ಗಿದೆ. ಭೂಮಿಯಲ್ಲೇ ಅತಿ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಮೈ ಆ ಅಂಡಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಈ ತಗ್ಗು ಏಕಾಯಿತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನಿಗಳು 2023ರಲ್ಲಿ ಒಂದು ವಿವರಣೆ ಮುಂದಿಟ್ಟರು. ತಗ್ಗಿನ ಅಂಚು ದಕ್ಷಿಣ ಭಾರತವನ್ನೂ ಹಿಡಿದಿದೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ 80 ಮೀಟರಿಗೂ ಹೆಚ್ಚು. ಇದನ್ನು ತಿದ್ದುವ ಕೋಷ್ಟಕ ಪೆಟ್ಟಿಗೆಯ ನೆನಪಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಅಲ್ಲಿನ ಜಕ್ಕೂರಿನ ರನ್‌ವೇಯಲ್ಲಿ ನಿಂತ ತರಬೇತಿ ವಿಮಾನ ಇಪ್ಪತ್ತೈದು ಅಂತಸ್ತು ನೆಲದೊಳಗೆ ಹೂತಂತೆ ತೋರುತ್ತಿತ್ತು. ತಿದ್ದಿದ ಮೇಲೂ ಪೈಲಟ್ ಪಾಲಿಸಬೇಕಾದದ್ದು ಗಾಳಿಯ ಒತ್ತಡದಿಂದ ನಡೆಯುವ ಹಳೆಯ ಆಲ್ಟಿಮೀಟರನ್ನೇ. ಅದು ಹೆಚ್ಚು ನಿಖರ ಎಂದಲ್ಲ. ಎದುರಿಗೆ ಬರುವ ವಿಮಾನವೂ ಅದನ್ನೇ ನೋಡುತ್ತಿರುತ್ತದೆ. ಎಲ್ಲರ ಮಾಪಕವೂ ಒಂದೇ ರೀತಿ ತಪ್ಪಿದರೆ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.

ಸಂಕೇತ ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ತಡವಾಗುವುದನ್ನು ಸರಿಪಡಿಸಲು ಅಮೆರಿಕ 2003ರಲ್ಲಿ ವಾಸ್ ಎಂಬ ವ್ಯವಸ್ಥೆ ಶುರುಮಾಡಿತು. ನೆಲದ ಕೇಂದ್ರಗಳು ತಪ್ಪನ್ನು ಅಳೆದು, ಭೂಸ್ಥಿರ ಉಪಗ್ರಹದ ಮೂಲಕ ತಿದ್ದುಪಡಿಯನ್ನು ಎಲ್ಲರಿಗೂ ಸಾರುತ್ತವೆ. ಪೋರ್ಟಬಲ್ ಪೆಟ್ಟಿಗೆಗಳೂ ಇದನ್ನು ಕೇಳಿಸಿಕೊಳ್ಳತೊಡಗಿದವು. ನಮ್ಮ ಗಗನ್ ಇದೇ ಜಾತಿಯದು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ನಮ್ಮದು ಕಷ್ಟದ ಆಕಾಶ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆಯೇ ಹಾಯುವುದರಿಂದ ಸಂಜೆಯಾದ ಮೇಲೆ ಇಲ್ಲಿನ ಅಯಾನುಗೋಳ ಕುದಿಯುವ ನೀರಿನ ಹಾಗೆ ಕದಡುತ್ತದೆ. ಅದರಡಿಯಲ್ಲಿ ಇಂಥ ವ್ಯವಸ್ಥೆ ಕಟ್ಟಿ, 2015ರಲ್ಲಿ ವಿಮಾನಗಳು ಇಳಿಯುವಾಗ ಎತ್ತರದ ಮಾರ್ಗದರ್ಶನಕ್ಕೂ ಮಾನ್ಯತೆ ಪಡೆದದ್ದು ಸಣ್ಣ ಕೆಲಸವಲ್ಲ.

2005ರಲ್ಲಿ ಜಿಪಿಎಸ್‌ಮ್ಯಾಪ್ 396 ಬಂದಾಗ ಪೆಟ್ಟಿಗೆ ಮಳೆಯನ್ನೂ ತೋರಿಸತೊಡಗಿತು. ಅಮೆರಿಕದ ಹವಾಮಾನ ರೇಡಾರುಗಳು ಕಂಡ ಚಿತ್ರ ಉಪಗ್ರಹ ರೇಡಿಯೊ ಮೂಲಕ ಪರದೆಗೆ ಇಳಿಯುತ್ತಿತ್ತು: ಹಸಿರು, ಹಳದಿ, ಕೆಂಪು. ಸಣ್ಣ ವಿಮಾನದವರ ಪಾಲಿಗೆ ಇದೊಂದು ವರ. ಆದರೆ ಇಲ್ಲಿಯೂ ಕಾಲವೇ ಕೈಕೊಟ್ಟಿತು. ಚಿತ್ರದ ಮೂಲೆಯಲ್ಲಿ ಬರೆದಿರುವ ವಯಸ್ಸು, ರೇಡಾರುಗಳ ತುಣುಕುಗಳನ್ನು ಹೊಲಿದು ಚಿತ್ರ ಮಾಡಿದ ಹೊತ್ತಿನದು. ತುಣುಕುಗಳು ಅದಕ್ಕಿಂತ ಹಳೆಯವು. ಸಾವುಗಳಾದ ಅಪಘಾತಗಳನ್ನು ತನಿಖೆ ಮಾಡಿದ ಮೇಲೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಎಚ್ಚರಿಸಿತು: ಪರದೆ ಹೇಳುವ ವಯಸ್ಸಿಗಿಂತ ನಿಜವಾದ ಚಿತ್ರ 15ರಿಂದ 20 ನಿಮಿಷ ಹಳೆಯದಿರಬಹುದು. ಗಂಟೆಗೆ 40 ಕಿಲೋಮೀಟರ್ ನಡೆಯುವ ಗುಡುಗುಮೋಡ 20 ನಿಮಿಷದಲ್ಲಿ 13 ಕಿಲೋಮೀಟರ್ ಮುಂದೆ ಬಂದಿರುತ್ತದೆ. ಎರಡು ಮೋಡಗಳ ನಡುವಿನ ಕಿಂಡಿಯಲ್ಲಿ ನುಸುಳಿಹೋಗುತ್ತೇನೆಂದು ಹೊರಟವನಿಗೆ ಆ ಕಿಂಡಿ ಈಗ ಇಲ್ಲ.

2010ರಲ್ಲಿ ಐಪ್ಯಾಡ್ ಬಂತು. ಫೋರ್‌ಫ್ಲೈಟ್‌ನಂಥ ಆ್ಯಪ್‌ಗಳು ನಕ್ಷೆಯ ಕಟ್ಟುಗಳನ್ನೆಲ್ಲ ಒಂದು ಹಲಗೆಯೊಳಗೆ ಇಳಿಸಿದವು. ಪ್ರತ್ಯೇಕ ಪೆಟ್ಟಿಗೆಯ ಕಾಲ ಮುಗಿಯಿತೆಂದು ಅನೇಕರು ಅಂದುಕೊಂಡರು. ಮುಗಿಯಲಿಲ್ಲ. ವೈ-ಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ, ಹೊರಗಿನ ರಿಸೀವರ್ ಜೋಡಿಸಬೇಕು. ಬಿಸಿಲು ಬೀಳುವ ಗಾಜಿನ ಹಿಂದೆ ಅದು ಕಾದು, ತಣ್ಣಗಾಗುವವರೆಗೆ ಕೆಲಸ ಮಾಡೆನೆಂದು ಪರದೆ ಕಪ್ಪು ಮಾಡಿಕೊಳ್ಳುತ್ತದೆ. ಹಾಗಾಗಿ ಗಾಜಿನ ಮೂಲೆಯಲ್ಲಿ ಬಿಸಿಲು ತಾಳುವ ಚಿಕ್ಕ ಪೆಟ್ಟಿಗೆಯನ್ನು ಉಳಿಸಿಕೊಂಡ ಪೈಲಟ್ಟುಗಳು ಈಗಲೂ ಇದ್ದಾರೆ, ನನ್ನ ಮಟ್ಟಿಗೆ ಅದು ಬುದ್ಧಿವಂತಿಕೆ.

ಆ ಪೆಟ್ಟಿಗೆಯಲ್ಲಿ ‘ನಿಯರೆಸ್ಟ್’ ಎಂಬ ಒಂದು ಗುಂಡಿ ಇರುತ್ತದೆ. ಎಂಜಿನ್ ನಿಂತ ಸೆಸ್ನಾ 172 ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ತೇಲುತ್ತದೆ. ಒಂದು ಕಿಲೋಮೀಟರ್ ಎತ್ತರದಲ್ಲಿದ್ದರೆ ಒಂಬತ್ತು ಕಿಲೋಮೀಟರ್ ದೂರ, ನಾಲ್ಕೂವರೆ ನಿಮಿಷ ಹೊತ್ತು. ನಕ್ಷೆ ಬಿಡಿಸಿ, ಬೆರಳಿಟ್ಟು, ಅಳೆದು ನೋಡಲು ಅದರಲ್ಲಿ ಬಿಡುವಿಲ್ಲ. ಗುಂಡಿ ಒತ್ತಿದರೆ ಹತ್ತಿರದ ರನ್‌ವೇಗಳ ಪಟ್ಟಿ, ಎಷ್ಟು ದೂರ, ಯಾವ ಕಡೆ. ಪೆಟ್ಟಿಗೆಯ ಬೇರೆಲ್ಲ ಚಮತ್ಕಾರ ತೆಗೆದುಹಾಕಿ ಇದೊಂದನ್ನು ಉಳಿಸಿದ್ದರೂ ಅದರ ಬೆಲೆ ಸಂದಾಯವಾಗುತ್ತಿತ್ತು.

ಪ್ರತಿ ವರ್ಷ ಜುಲೈ ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನಲ್ಲಿ ವಿಮಾನಗಳ ಜಾತ್ರೆ ನೆರೆಯುತ್ತದೆ. ಹತ್ತು ಸಾವಿರದಷ್ಟು ವಿಮಾನಗಳು ಬರುತ್ತವೆ, ಬಹುತೇಕ ಸಣ್ಣವು. ಅವುಗಳಲ್ಲಿ ಹೆಚ್ಚಿನವುಗಳ ಗಾಜಿನಲ್ಲೋ ತೊಡೆಯ ಮೇಲೋ ಇಂಥದೊಂದು ಪರದೆ ಇದ್ದೇ ಇರುತ್ತದೆ. ಹಾಗಿದ್ದರೂ ರಿಪನ್ ಊರಿನಿಂದ ಫಿಸ್ಕ್ ಎಂಬ ಹಳ್ಳಿಯವರೆಗೆ ಅವು ಬರಬೇಕಾದದ್ದು ಒಂದು ರೈಲುಹಳಿಯ ಮೇಲೆ, ಒಂದರ ಹಿಂದೊಂದು, ಅರ್ಧ ಮೈಲಿ ಅಂತರ ಬಿಟ್ಟು. ವೇಗ 90 ನಾಟ್, ಎತ್ತರ ಆಲ್ಟಿಮೀಟರಿನಲ್ಲಿ 1,800 ಅಡಿ. ಮುಂದಿನ ವಿಮಾನ ಎಷ್ಟು ಹತ್ತಿರವಿದೆ ಎಂಬುದನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು, ರೇಡಿಯೊದಲ್ಲಿ ಮಾತಾಡುವಂತಿಲ್ಲ. ಫಿಸ್ಕ್‌ನ ನೆಲದ ಮೇಲೆ ನಿಂತ ನಿಯಂತ್ರಕರು ದುರ್ಬೀನಿನಲ್ಲಿ ಬಣ್ಣ ನೋಡಿ ಒಂದೊಂದನ್ನೇ ಕರೆಯುತ್ತಾರೆ: ಬಿಳಿಯ ಸೆಸ್ನಾ, ನಿನ್ನ ರೆಕ್ಕೆ ಆಡಿಸು. ಹಳಿಯ ಮೇಲೆ ಬರುತ್ತಿರುವ ಬಿಳಿಯ ಸೆಸ್ನಾ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿ ತೋರಿಸುತ್ತದೆ.